ಗರಗ ಅಂದರೆ ಗರಗ, ಗರಾಗ್ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಆಗಸ್ಟ್ 15ರ ಬೆಳಿಗ್ಗೆ ಟಿ.ವಿ. ಹಾಕಿಕೊಂಡು ಅವಲಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದೆ. ಕನ್ನಡದ ಒಂದು ಸುದ್ದಿ ಚಾನೆಲ್‌ನಲ್ಲಿ ರಾಷ್ಟ್ರಧ್ವಜದ ಬಟ್ಟೆ ನೇಯುವ ಊರಿನ ಬಗ್ಗೆ ಹೇಳುತ್ತಿದ್ದರು. "ಧಾರವಾಡ ಜಿಲ್ಲೆಯ ಗರಾಗ್ ಗ್ರಾಮ" ಎಂದರು. ಬಾಯಿ ತಪ್ಪಿರಬಹುದು ಅಂದುಕೊಂಡೆ. ಇಲ್ಲ, ನಾಲ್ಕು ಸಲ ಗರಾಗ್. ಧ್ವಜ ಹೊಲಿಯುವ ಹುಬ್ಬಳ್ಳಿಯ ಬೆಂಗೇರಿ ಕೂಡ "ಬೆಂಗೆರೆ" ಆಯಿತು. ಚಾಕು ಕೆಳಗಿಟ್ಟೆ. ಗರಗದಲ್ಲಿ ಮಗ್ಗದ ಮುಂದೆ ಕೂತು ಆ ಬಟ್ಟೆ ನೇಯುವ ಹೆಣ್ಣುಮಗಳು ಇದನ್ನು ನೋಡಿದ್ದರೆ, ಇದು ಬೇರೆ ಯಾವುದೋ ಊರಿರಬೇಕು ಬಿಡು ಅಂದುಕೊಂಡಿರುತ್ತಾಳೆ.

ನಾನು ಆಕಾಶವಾಣಿ ಧಾರವಾಡ ಕೇಂದ್ರದಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ತಾತ್ಕಾಲಿಕ ಉದ್ಘೋಷಕಿಯಾಗಿದ್ದವಳು. ತಿಂಗಳಿಗೆ ಆರು ಡ್ಯೂಟಿ, ಉಳಿದ ದಿನ ಮನೆಗೆಲಸ. 1950ರ ಜನವರಿ 8ರಂದು ಶುರುವಾದ ಕೇಂದ್ರ ಅದು. ನಾನು ಸೇರುವಾಗಲೇ ಅದಕ್ಕೆ ಮೊಮ್ಮಕ್ಕಳಾಗುವ ವಯಸ್ಸು. ಹುಟ್ಟಿದ್ದು ಮಂಡ್ಯ ಕಡೆ, ಮದುವೆಯಾಗಿ ಇಲ್ಲಿಗೆ ಬಂದೆ. ಹಾಗಾಗಿ ಊರಿನ ಹೆಸರು ತಪ್ಪು ಹೇಳುವುದರಲ್ಲಿ ನಾನೇನೂ ಕಮ್ಮಿ ಇರಲಿಲ್ಲ.

ಮೊದಲ ವರ್ಷ ಕೋರಿಕೆ ಕಾರ್ಯಕ್ರಮದ ಕಾರ್ಡುಗಳನ್ನು ಓದುತ್ತಿದ್ದೆ. ಹೆಬ್ಬಳ್ಳಿಯಿಂದ ಬಂದ ಕಾರ್ಡಿನಲ್ಲಿ ಆರು ಜನರ ಹೆಸರಿತ್ತು. ಆರನ್ನೂ ಓದಿ, ಕೊನೆಗೆ "ಹೆಬ್ಬಾಳ" ಎಂದೆ. ನಮ್ಮ ಕಡೆಯ ರೂಢಿ, ನಾಲಿಗೆ ತಾನಾಗಿಯೇ ಅಲ್ಲಿಗೆ ಹೋಯಿತು. ವಾರದಲ್ಲಿ ಇನ್ನೊಂದು ಕಾರ್ಡು ಬಂತು. "ಅಕ್ಕಾರ, ನೀವು ಹೇಳಿದ ಊರು ಬೆಂಗಳೂರಾಗ ಐತಿ. ನಮ್ಮ ಹಾಡು ಅಲ್ಲಿಗೇ ಹೋತೇನ್ರಿ?" ಸ್ಟುಡಿಯೋದಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮುಖ ಸಣ್ಣದಾಗಿತ್ತು. ಆವತ್ತು ಸಂಜೆಯೇ ಸುಭಾಸ ರಸ್ತೆಯಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡೆ. ಹೊಸ ಊರಿನ ಹೆಸರು ಬಂದಾಗಲೆಲ್ಲ, ಅಲ್ಲಿಯವರನ್ನು ಕೇಳಿ, ಅವರು ಅನ್ನುವಂತೆಯೇ ಬರೆದಿಟ್ಟುಕೊಂಡೆ. ಉಪ್ಪಿನ ಬೆಟಗೇರಿ ಬೇರೆ, ಗದಗಿನ ಪಕ್ಕದ ಬೆಟಗೇರಿ ಬೇರೆ. ಅಣ್ಣಿಗೇರಿಗೆ ಣ ಒತ್ತಬೇಕು, ಇಲ್ಲದಿದ್ದರೆ ಅದು ಅನ್ನದ ಕೇರಿಯಾಗುತ್ತದೆ. ಇಂಥವೇ.

ಇದಕ್ಕೆಲ್ಲ ಕಾರಣ ಇಂಗ್ಲಿಷ್ ಪ್ರತಿ. ಸುದ್ದಿ ಮೊದಲು ಇಂಗ್ಲಿಷಿನಲ್ಲಿ ಬರುತ್ತದೆ, ಡೆಸ್ಕಿನಲ್ಲಿ ಕೂತವರು ಅದನ್ನು ಕನ್ನಡಕ್ಕೆ ತಿರುಗಿಸುತ್ತಾರೆ. ಆ ಲಿಪಿಯಲ್ಲಿ ಳ ಇಲ್ಲ, ಣ ಇಲ್ಲ, ಗಿಡ್ಡ ಅಕಾರ ಉದ್ದ ಅಕಾರಕ್ಕೆ ವ್ಯತ್ಯಾಸವೂ ಇಲ್ಲ. ಅಲ್ಲಿ ಕಳೆದದ್ದು ಕನ್ನಡಕ್ಕೆ ವಾಪಸ್ ಬರುವಾಗ ತಾನಾಗಿ ಕೂಡಿಕೊಳ್ಳುವುದಿಲ್ಲ. ಹಾಗಾಗಿ ಇಳಕಲ್ ಸೀರೆ "ಇಲ್ಕಲ್ ಸ್ಯಾರಿ" ಆಗುತ್ತದೆ. ಐಹೊಳೆ "ಐಹೋಲ್" ಆಗುತ್ತದೆ. (ಇದನ್ನು ಐಹೊಳೆಯಲ್ಲೇ ಒಬ್ಬ ಗೈಡ್ ಬಾಯಲ್ಲಿ ಕೇಳಿದ್ದೇನೆ. ಪ್ರವಾಸಿಗರಿಗೆ ಹಾಗೆ ಹೇಳಿದರೇ ತಿಳಿಯುತ್ತದಂತೆ!) ಹಾನಗಲ್ ಊರಿನ ಹೆಸರು ಹೊತ್ತ ಗಂಗೂಬಾಯಿಯವರು ಹೊರಗಿನವರಿಗೆ "ಹಂಗಲ್". ನಮ್ಮ ಕೇಂದ್ರದಲ್ಲೇ ಸಂಗೀತ ಸಲಹೆಗಾರರಾಗಿದ್ದ ಮಲ್ಲಿಕಾರ್ಜುನ ಮನಸೂರರು "ಮನ್ಸೂರ್". ಧಾರವಾಡದ ಹತ್ತಿರವೇ ಮನಸೂರು ಅಂತ ಒಂದು ಹಳ್ಳಿ ಇದೆ, ಅವರು ಆ ಊರಿನವರು ಅನ್ನುವುದು ಆ ಉಚ್ಚಾರದಲ್ಲಿ ಹೊರಟೇಹೋಗುತ್ತದೆ.

2014ರ ನವೆಂಬರ್ 1ರಂದು ಸರ್ಕಾರ 12 ಊರುಗಳ ಇಂಗ್ಲಿಷ್ ಹೆಸರನ್ನು ತಿದ್ದಿತು. ಹುಬ್ಳಿ ಹುಬ್ಬಳ್ಳಿಯಾಯಿತು, ಬೆಲ್ಗಾಮ್ ಬೆಳಗಾವಿಯಾಯಿತು. ಒಳ್ಳೆಯದೇ. ಹಳ್ಳಿಗಳ ಗತಿ?

ಸುಮ್ನೆ ಉಚ್ಚಾರದ ಗೀಳು ಇವಳಿಗೆ ಅಂತ ನಮ್ಮ ಮಗನೇ ಅನ್ನುತ್ತಾನೆ. ಅವನಿಗೆ 2019ರ ಆಗಸ್ಟ್ ನೆನಪಿಸುತ್ತೇನೆ. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟು, ಮಲಪ್ರಭೆ ಉಕ್ಕಿ, ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನೀರು ನುಗ್ಗಿತ್ತು. ಕೊಣ್ಣೂರು ಇನ್ನೊಂದಿದೆ, ಗೋಕಾಕದ ಹತ್ತಿರ, ಘಟಪ್ರಭೆಯ ಕಡೆ. ಆ ಹೊಳೆಯೂ ಆಗ ತುಂಬಿ ಹರಿಯುತ್ತಿತ್ತು. ಟಿ.ವಿ. ಪರದೆಯ ಕೆಳಗೆ "ಕೊನ್ನೂರು ಜಲಾವೃತ" ಅಂತ ಬರುತ್ತಿತ್ತು, ಅಷ್ಟೇ. ತಾಲ್ಲೂಕಿಲ್ಲ, ಹೊಳೆಯ ಹೆಸರಿಲ್ಲ. ನಮ್ಮ ಓಣಿಯ ಸೊಸೆಯೊಬ್ಬಳ ತವರು ಗೋಕಾಕದ ಕೊಣ್ಣೂರು. ಅವ್ವನ ಫೋನ್ ಹತ್ತುತ್ತಿಲ್ಲ. ನಾನು ರೇಡಿಯೋದವಳು ಅಂತ ನನ್ನ ಹತ್ತಿರ ಓಡಿ ಬಂದಳು. "ಯಾವ ಕೊಣ್ಣೂರರೀ, ಅಷ್ಟ ಹೇಳ್ರಿ ಸಾಕು" ಅಂತ ಅಳುತ್ತಿದ್ದಳು. ಆಮೇಲೆ ಮೂರು ಕಡೆ ಫೋನ್ ಮಾಡಿ ತಿಳಿದುಕೊಂಡೆವು, ಅವ್ವ ಸುರಕ್ಷಿತವಾಗಿದ್ದರು. ಆ ಎರಡು ತಾಸು ಮಾತ್ರ ನಾನು ಮರೆಯುವುದಿಲ್ಲ. ಸುದ್ದಿಗೆ "ನರಗುಂದ ತಾಲ್ಲೂಕು" ಅಂತ ಎರಡು ಪದ ಸೇರಿಸಿದ್ದರೆ ಆಗುತ್ತಿತ್ತು, ಅಲ್ವಾ?

ಹಳೆಯವರಿಗೆ ಇದು ಗೊತ್ತಿತ್ತು. ಒಮ್ಮೆ ನವಲಗುಂದದ ಕಡೆ ಕಣದಲ್ಲಿ ಹಂತಿ ಪದ, ಅಂದರೆ ಎತ್ತುಗಳಿಂದ ತೆನೆ ತುಳಿಸುತ್ತ ಹಾಡುವ ಹಾಡು, ರೆಕಾರ್ಡ್ ಮಾಡಲು ಹೋಗಿದ್ದೆವು. ಆಗಲೇ ರಾಶಿ ಮೆಷಿನ್ ಬಂದಾಗಿತ್ತು. ನಮಗೋಸ್ಕರ ಕಣದ ನಡುವಿನ ಮೇಟಿ ಕಂಬಕ್ಕೆ ಎತ್ತು ಕಟ್ಟಿ, ಹಂತಿ ಹೊಡೆದು ಹಾಡಿದರು. ಮುಖ್ಯ ಹಾಡುಗಾರ ಎಪ್ಪತ್ತು ದಾಟಿದ ಅಜ್ಜ. ಹಾಡಿಗೆ ಮೊದಲು ನೆನೆಯುವುದೇ ಹತ್ತು ನಿಮಿಷ: ಸವದತ್ತಿ ಎಲ್ಲವ್ವ, ಗರಗದ ಮಡಿವಾಳಪ್ಪ, ಉಳವಿ ಚನ್ನಬಸಪ್ಪ, ನವಲಗುಂದದ ನಾಗಲಿಂಗಪ್ಪ, ಶಿಶುನಾಳ ಶರೀಫ ಸಾಹೇಬರು. ಆಮೇಲೆ ಸುತ್ತಲ ಹಳ್ಳಿಗಳ ಹನುಮಪ್ಪ, ದ್ಯಾಮವ್ವ, ಒಂದೊಂದೂರು ಹೆಸರು ಹಿಡಿದು. ನಮಗೆ ಸಿಕ್ಕ ಅವಧಿ ಹದಿನೈದು ನಿಮಿಷ. ಇದನ್ನು ಬಿಟ್ಟು ನೇರ ಪದಕ್ಕೇ ಬರೋಣವಾ ಅಂತ ಕೇಳಿದ್ದು ನಾನೇ. ಅಜ್ಜ ಎತ್ತು ನಿಲ್ಲಿಸಿದರು. "ಹೆಸರ ಬಿಟ್ಟ ಊರಾಗ ನಾಳೆ ಕೇಳ್ತಾರವ್ವ ನನ್ನ. ಬೇಕಾದ್ರ ಪದಾನ ಬಿಡ್ರಿ" ಎಂದರು. ಪದವನ್ನೇ ಮೊಟಕು ಮಾಡಿ, ಹೆಸರುಗಳನ್ನು ಪೂರ್ತಿ ಪ್ರಸಾರ ಮಾಡಿದೆವು. ಆ ಕಾರ್ಯಕ್ರಮಕ್ಕೆ ಬಂದಷ್ಟು ಕಾರ್ಡುಗಳು ನನ್ನ ಬೇರಾವ ಕಾರ್ಯಕ್ರಮಕ್ಕೂ ಬರಲಿಲ್ಲ. ಮುಕ್ಕಾಲು ಪಾಲು ಕಾರ್ಡಿನಲ್ಲಿ ಒಂದೇ ಮಾತು: ನಮ್ಮೂರ ಹೆಸರು ರೇಡಿಯೋದಾಗ ಬಂತು.

ನಿಮ್ಮ ಪತ್ರಿಕೆಗೂ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಜಿಲ್ಲಾ ಪುಟದಲ್ಲಿ ಸರಿಯಾಗಿರುವ ಹೆಸರು ಮುಖಪುಟಕ್ಕೆ ಬರುವಷ್ಟರಲ್ಲಿ ಕೆಟ್ಟಿರುತ್ತದೆ. ನಿಮ್ಮ ಬಿಡಿ ವರದಿಗಾರರು ಅದೇ ಊರಿನವರು, ಅವರಿಗೊಂದು ಫೋನ್ ಮಾಡಿದರೆ ಸಾಕು. ಚಾನೆಲ್‌ನವರಿಗೂ ಇದನ್ನೇ ಹೇಳುವುದು. ಈಗ ಕಂಪ್ಯೂಟರ್ ದನಿಯಲ್ಲಿ ಸುದ್ದಿ ಓದಿಸುವ ಕಾಲ. ಇಂಗ್ಲಿಷ್ ನಕ್ಷೆ ನೋಡಿ ಕಲಿತರೆ ಆ ದನಿಯೂ ಗರಾಗ್ ಅಂತಲೇ ಓದುತ್ತದೆ, ಸ್ವಲ್ಪವೂ ತಡವರಿಸದೆ.

ನನ್ನ ನೋಟ್‌ಬುಕ್ಕು ಇನ್ನೂ ಇದೆ, ರಟ್ಟು ಕಿತ್ತಿದೆ. ಜೆರಾಕ್ಸ್ ಮಾಡಿಸಿ ನಿಮ್ಮ ಧಾರವಾಡ ಕಚೇರಿಗೆ ಕೊಡುತ್ತೇನೆ, ಯಾವ ಚಾನೆಲ್‌ನವರು ಕೇಳಿದರೂ ಕೊಡಿ. ಒಂದು ಹೆಸರಿನ ಮುಂದೆ ಮಾತ್ರ ಪ್ರಶ್ನೆ ಚಿಹ್ನೆ ಉಳಿದಿದೆ. ಅಮ್ಮಿನಭಾವಿಯೋ, ಅಮ್ಮಿನಬಾವಿಯೋ? ಅದೇ ಊರಿನ ಇಬ್ಬರು ನನಗೆ ಎರಡು ಥರ ಬರೆದುಕೊಟ್ಟಿದ್ದಾರೆ. ಆ ಊರಿನ ಓದುಗರು ಈ ಅಂಕಣಕ್ಕೆ ಒಂದು ಸಾಲು ಬರೆದು ತಿಳಿಸಿದರೆ ತಿದ್ದಿಕೊಳ್ಳುತ್ತೇನೆ.

— ಮಾಜಿ ಉದ್ಘೋಷಕಿ, ಧಾರವಾಡ