ಹೆನ್ರಿ ಹ್ಯಾಂಪ್ಟನ್ ಎಸೆಯದೆ ಉಳಿಸಿದ ಮಾತುಗಳು

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನಿನ್ನೆ ರಾತ್ರಿಯೇ ನೋಡಿದೆ. "40 ಗಂಟೆ ಫೂಟೇಜ್ ಇದೆ, ಬೇಕಾಗಿರೋದು 50 ನಿಮಿಷ. ಉಳಿದದ್ದನ್ನ ಅಳಿಸಿ ಡಿಸ್ಕ್ ಖಾಲಿ ಮಾಡ್ಲಾ?" ಅಂತ ಕೇಳಿದ್ದೀಯ. ತಡಿ ಮಾರಾಯ. ಆಮೇಲೆ ಉತ್ತರ ಕೊಡ್ತೀನಿ. ಮೊದಲು ಒಬ್ಬ ಮನುಷ್ಯನ ವಿಷಯ ಕೇಳು.

ಅವರ ಹೆಸರು ಹೆನ್ರಿ ಹ್ಯಾಂಪ್ಟನ್, ನಿನ್ನ ಹಾಗೇ ಸಾಕ್ಷ್ಯಚಿತ್ರ ಮಾಡುತ್ತಿದ್ದವರು. ಹುಟ್ಟಿದ್ದು 1940ರಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಅಪ್ಪ ಹೆಸರಾಂತ ಸರ್ಜನ್. ಮಗನೂ ಮೆಡಿಕಲ್ ಸೇರಿದ, ಸ್ವಲ್ಪ ದಿನಕ್ಕೇ ಬಿಟ್ಟು ಬಂದ. 15ನೇ ವಯಸ್ಸಿನಲ್ಲಿ ಪೋಲಿಯೋ ಬಂದು ಕಾಲು ಸೋತಿತ್ತು. ಕೊನೆಯವರೆಗೂ ಕಾಲಿಗೆ ಆಸರೆಯ ಬ್ರೇಸ್ ಕಟ್ಟಿಕೊಂಡೇ ಓಡಾಡಿದರು.

1965ರಲ್ಲಿ ಅವರು ಬಾಸ್ಟನ್‌ನಲ್ಲಿ ಯೂನಿಟೇರಿಯನ್ ಅನ್ನೋ ಧಾರ್ಮಿಕ ಪಂಗಡದ ಚರ್ಚುಗಳ ಸಂಘದ ಪ್ರಚಾರ ವಿಭಾಗ ನೋಡಿಕೊಳ್ಳುತ್ತಿದ್ದರು. ಆ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ, ವೋಟಿನ ಹಕ್ಕು ಕೇಳಿ ನಡೆದು ಹೊರಟಿದ್ದ ಕಪ್ಪು ಜನರನ್ನು ಪೊಲೀಸರು ಸೇತುವೆಯ ಹತ್ತಿರ ಅಟ್ಟಾಡಿಸಿ ಹೊಡೆದರು. ಸೆಲ್ಮಾಗೆ ಬನ್ನಿ ಅಂತ ಮಾರ್ಟಿನ್ ಲೂಥರ್ ಕಿಂಗ್ ಕರೆ ಕೊಟ್ಟರು. ಎರಡು ದಿನ ಬಿಟ್ಟು ಎರಡನೇ ಸಲ ಮೆರವಣಿಗೆ ಹೊರಟಾಗ ಹ್ಯಾಂಪ್ಟನ್ ಕೂಡ ಅದರಲ್ಲಿದ್ದರು. ಆ ಕಾಲಿನಲ್ಲೇ ನಡೆದರು. ಮೆರವಣಿಗೆ ಪೊಲೀಸರ ಸಾಲಿನ ಎದುರು ನಿಂತು ಪ್ರಾರ್ಥನೆ ಮಾಡಿ ವಾಪಸಾಯಿತು. ಅದೇ ಸಂಜೆ ಅವರದೇ ಪಂಗಡದ ಪಾದ್ರಿ ಜೇಮ್ಸ್ ರೀಬ್ ಮೇಲೆ ಹಲ್ಲೆಯಾಯಿತು. ರೀಬ್ ಉಳಿಯಲಿಲ್ಲ. ಇದನ್ನೆಲ್ಲ ಯಾರಾದರೂ ಸಿನಿಮಾ ಮಾಡಿ ಹೇಳಬೇಕು ಅಂತ ಹ್ಯಾಂಪ್ಟನ್ ತಲೆಗೆ ಹೊಕ್ಕಿದ್ದು ಅಲ್ಲಿ.

ಹೊಕ್ಕಿದ್ದು 1965ರಲ್ಲಿ, ಟಿವಿಯಲ್ಲಿ ಬಂದದ್ದು 1987ರಲ್ಲಿ. 22 ವರ್ಷ! ನೀನು ಎರಡು ವರ್ಷಕ್ಕೇ ಗೋಳಾಡುತ್ತಿದ್ದೀಯ.

ನಡುವೆ, 1968ರಲ್ಲಿ, ಬಾಸ್ಟನ್‌ನಲ್ಲಿ ಬ್ಲ್ಯಾಕ್‌ಸೈಡ್ ಅನ್ನೋ ಸ್ವಂತ ಸಂಸ್ಥೆ ಕಟ್ಟಿದರು. ಕಪ್ಪು ಮನುಷ್ಯನೊಬ್ಬ ಸಿನಿಮಾ ಕಂಪನಿಯ ಯಜಮಾನನಾಗಿರುವುದು ಆಗ ತೀರಾ ಅಪರೂಪ. ಸರ್ಕಾರಿ ಇಲಾಖೆಗಳಿಗೆ ಚಿಕ್ಕಪುಟ್ಟ ಚಿತ್ರ ಮಾಡಿಕೊಂಡು ಹೊಟ್ಟೆ ಹೊರೆಯುತ್ತಿದ್ದರು. 1970ರ ದಶಕದ ಕೊನೆಗೆ ಒಮ್ಮೆ ದೊಡ್ಡ ಕನಸಿಗೆ ಕೈಹಾಕಿದರು. ಸಂದರ್ಶನಗಳೂ ಶುರುವಾಗಿದ್ದವು. ಅದು ಕುಸಿದು ಬಿತ್ತು. ಎದ್ದು ಹಣ ಹೊಂದಿಸಿಕೊಳ್ಳಲು ಮತ್ತೆ ವರ್ಷಗಳೇ ಬೇಕಾದವು. ಕೊನೆಗೆ ಅಮೆರಿಕದ ಸಾರ್ವಜನಿಕ ಟಿವಿ ಪಿಬಿಎಸ್‌ನಲ್ಲಿ ಆರು ಕಂತು ಬಂತು, ಕಪ್ಪು ಜನರ ಹಕ್ಕಿನ ಚಳವಳಿಯ ಕತೆ ಹೇಳುವ ಸಾಕ್ಷ್ಯಚಿತ್ರ ಸರಣಿ, 'ಐಸ್ ಆನ್ ದಿ ಪ್ರೈಜ್' (Eyes on the Prize). 1990ರಲ್ಲಿ ಇನ್ನೂ ಎಂಟು. ನನಗೆ ಮೊದಲಿನ ಆರೇ ಇಷ್ಟ. ಎರಡನೆಯದರಲ್ಲಿ ಊರುಗಳು, ಜಗಳಗಳು ಜಾಸ್ತಿಯಾಗಿ ದಾರ ಕೈಗೆ ಸಿಗಲ್ಲ. ಆ ಕಾಲವೇ ಹಾಗಿತ್ತೇನೋ.

ನಿನಗೆ ಹೇಳಬೇಕಾಗಿರುವುದು ಅವರ ಕೆಲಸದ ರೀತಿ. ಶೂಟಿಂಗ್‌ಗೆ ಮುಂಚೆ ತಂಡದವರೆಲ್ಲ ಸ್ಕೂಲು ಮಕ್ಕಳ ಹಾಗೆ ಕೂತು ಪಾಠ ಕೇಳಬೇಕಿತ್ತು. ಪಾಠ ಹೇಳುವವರು ಇತಿಹಾಸಕಾರರು, ಚಳವಳಿಯಲ್ಲಿದ್ದವರು. ಆದರೆ ಇತಿಹಾಸಕಾರರು ಪರದೆಯ ಮೇಲೆ ಬರುವಂತಿಲ್ಲ! ಅಲ್ಲಿ ಇದ್ದು, ಕಂಡು, ಅನುಭವಿಸಿದವರಿಗೆ ಮಾತ್ರ ಮಾತು. ಒಂದೊಂದು ಕಂತಿಗೂ ಜೋಡಿ ನಿರ್ಮಾಪಕರು. ಆದಷ್ಟೂ ಒಬ್ಬರು ಕಪ್ಪು, ಒಬ್ಬರು ಬಿಳಿ, ಒಬ್ಬ ಹೆಂಗಸು, ಒಬ್ಬ ಗಂಡಸು. ಇವರು ಎಡಿಟಿಂಗ್ ಕೋಣೆಯಲ್ಲಿ ಜಗಳ ಆಡಲಿ ಅಂತಲೇ ಹಾಗೆ ಮಾಡಿದ್ದು ಅಂತ ನನ್ನ ಗುಮಾನಿ.

ಇನ್ನೊಂದು ಮಾತು. ಸೆಲ್ಮಾದ ಶೆರಿಫ್ ಜಿಮ್ ಕ್ಲಾರ್ಕ್ ಗೊತ್ತಲ್ಲ, ಜನರನ್ನು ಹೊಡೆಸಿದವನು? ಅವನ ಮುಂದೆಯೂ ಕ್ಯಾಮೆರಾ ಇಟ್ಟು ಮಾತಾಡಿಸಿದರು. ಆಗಿನ ಮೇಯರನ್ನೂ. ನನ್ನ ಕೈಲಿ ಆಗ್ತಿರಲಿಲ್ಲ ಬಿಡು.

ಆಗ 16 ಎಂಎಂ ಫಿಲ್ಮು. ಒಂದು ರೀಲು ಹೆಚ್ಚೆಂದರೆ 11 ನಿಮಿಷ. ಎದುರಿಗಿದ್ದವರ ಗಂಟಲು ಕಟ್ಟಿ ಬರುವ ಹೊತ್ತಿಗೆ ಸರಿಯಾಗಿ ರೀಲು ಮುಗಿಯುತ್ತದೆ. ಬದಲಾಯಿಸಬೇಕು, ಮತ್ತೆ ಕೇಳಬೇಕು. ಫಿಲ್ಮು, ತೊಳೆಸುವುದು, ಪ್ರಿಂಟು, ಎಲ್ಲಕ್ಕೂ ಕಾಸು. ಹೀಗೆ ಸಂಪಾದಿಸಿದ ಮಾತಿನಲ್ಲಿ ಕಂತಿಗೆ ಸೇರಿದ್ದು ಒಬ್ಬೊಬ್ಬರದು ಒಂದೆರಡು ನಿಮಿಷ. ಉಳಿದದ್ದನ್ನು ಹ್ಯಾಂಪ್ಟನ್ ಎಸೆಯಲಿಲ್ಲ.

ಇ. ಡಿ. ನಿಕ್ಸನ್ ಅಂತ ಒಬ್ಬರು. ರೈಲಿನಲ್ಲಿ ಪೋರ್ಟರ್ ಆಗಿದ್ದವರು. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ 1955ರಲ್ಲಿ ಅರೆಸ್ಟ್ ಆದಾಗ ಜಾಮೀನು ಕೊಟ್ಟು ಬಿಡಿಸಿಕೊಂಡು ಬಂದವರು. ಮೊದಲ ಕಂತಿನಲ್ಲಿ ಅವರಿದ್ದಾರೆ. ಸರಣಿ ಟಿವಿಯಲ್ಲಿ ಬರುತ್ತಿದ್ದ ಆ ಫೆಬ್ರವರಿ ತಿಂಗಳಲ್ಲೇ ಅಜ್ಜ ತೀರಿಕೊಂಡರು. ಇನ್ನೊಂದು ವರ್ಷ ತಡವಾಗಿದ್ದರೆ?

ಇಷ್ಟೆಲ್ಲ ಆಗಿಯೂ ಒಂದು ಎಡವಟ್ಟಾಯಿತು. ಸರಣಿಯಲ್ಲಿ ಹಳೆ ಸುದ್ದಿಚಿತ್ರಗಳು, ಫೋಟೋಗಳು, ಹಾಡುಗಳು ತುಂಬ ಇದ್ದವು. ದುಡ್ಡು ಸಾಲದೆ ಅವುಗಳ ಹಕ್ಕನ್ನು ಕೆಲವು ವರ್ಷಗಳ ಮಟ್ಟಿಗೆ ಮಾತ್ರ ಕೊಂಡಿದ್ದರು. 1990ರ ದಶಕದ ನಡುವಿಗೆ ವಾಯಿದೆ ಮುಗಿಯಿತು. ಅಷ್ಟೇ! ಟಿವಿಯಲ್ಲಿ ತೋರಿಸುವಂತಿಲ್ಲ, ಹೊಸ ಕ್ಯಾಸೆಟ್ ಮಾರುವಂತಿಲ್ಲ. ಶಾಲೆ, ಲೈಬ್ರರಿಗಳಲ್ಲಿ ಸವೆದ ಹಳೆ ಕ್ಯಾಸೆಟ್ಟುಗಳೇ ಗತಿ. ಫೋರ್ಡ್ ಫೌಂಡೇಶನ್ ಮತ್ತಿತರರ ಹಣದಿಂದ ಹಕ್ಕುಗಳನ್ನು ಬಿಡಿಸಿಕೊಂಡು 2006ರಲ್ಲಿ ಅದು ಮತ್ತೆ ಟಿವಿಗೆ ಬಂತು. ಅದನ್ನು ನೋಡಲು ಹ್ಯಾಂಪ್ಟನ್ ಇರಲಿಲ್ಲ. 1998ರ ನವೆಂಬರ್‌ನಲ್ಲಿ ಹೋಗಿಬಿಟ್ಟರು, 58ನೇ ವಯಸ್ಸಿಗೆ. ನೀನು ಹಿನ್ನೆಲೆಗೆ ಆ ಹಳೆ ಸಿನಿಮಾ ಹಾಡು ಹಾಕ್ತೀನಿ ಅಂತಿದ್ದೆಯಲ್ಲ, ಇನ್ನೊಮ್ಮೆ ಯೋಚಿಸು.

ಆದರೆ ಸಂದರ್ಶನಗಳು ಅವರದೇ ಸ್ವಂತದ್ದು. ಯಾರ ಬಾಡಿಗೆಯದ್ದೂ ಅಲ್ಲ. ಹ್ಯಾಂಪ್ಟನ್ ಓದಿದ್ದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲೇ ಈಗ ಬ್ಲ್ಯಾಕ್‌ಸೈಡ್‌ನ ಸಂಗ್ರಹ ಇದೆ. ಸಂದರ್ಶನಗಳನ್ನು ಇಡಿಯಾಗಿ ಬರಹಕ್ಕಿಳಿಸಿ ಇಂಟರ್‌ನೆಟ್‌ನಲ್ಲಿ ಇಟ್ಟಿದ್ದಾರೆ. ಸುಮ್ನೆ ಒಂದು ತೆರೆದು ನೋಡೋಣ ಅಂತ ಕೂತವನು ರಾತ್ರಿ ಎರಡು ಗಂಟೆವರೆಗೆ ಎದ್ದಿಲ್ಲ. ಮಾತಿನ ಮಧ್ಯೆ ಮಧ್ಯೆ 'ಕ್ಯಾಮೆರಾ ರೋಲ್' ನಂಬರು. ಅಲ್ಲಿ ರೀಲು ಬದಲಾಯಿಸಿದ್ದಾರೆ ಅಂತ ಅರ್ಥ. ಪ್ರಶ್ನೆ ಕೇಳುವವರು ತಡವರಿಸಿದ್ದು, ಹೇಳುವವರು "ಇನ್ನೊಮ್ಮೆ ಹೇಳ್ತೀನಿ" ಅಂತ ಮತ್ತೆ ಶುರು ಮಾಡಿದ್ದು, ಎಲ್ಲ ಹಾಗ್ಹಾಗೇ ಇದೆ. ಕಂತಿನಲ್ಲಿ ಗಟ್ಟಿಯಾಗಿ ಕಾಣುವ ಮನುಷ್ಯ ಇಲ್ಲಿ ಎರಡು ಸಲ ನಿಂತು ನಿಂತು ಆ ಮಾತಿಗೆ ಬಂದಿರುತ್ತಾನೆ.

ನೀನು ಮಾತಾಡಿಸಿದ ಆ ಅಜ್ಜಿ 40 ನಿಮಿಷ ಬರೀ ತನ್ನ ಅತ್ತೆಯ ವಿಷಯವೇ ಹೇಳಿದರು, ಉಪಯೋಗಕ್ಕಿಲ್ಲ ಅಂದೆಯಲ್ಲ. ನಿನ್ನ ಚಿತ್ರಕ್ಕೆ ಇಲ್ಲ, ಸರಿ. ಡಿಸ್ಕ್ ಖಾಲಿ ಮಾಡಬೇಡ, ಇನ್ನೊಂದು ಕೊಂಡುಕೋ. ಅರ್ಧ ದುಡ್ಡು ನಾನು ಹಾಕ್ತೀನಿ. ಒಂದೊಂದು ಫೈಲಿಗೂ ಯಾರು, ಯಾವ ದಿನ, ಎಲ್ಲಿ ಅಂತ ಹೆಸರು ಬರೆದಿಡು. ನಿನ್ನ ಫೈಲುಗಳ ಹೆಸರು ನೋಡಿದ್ದೀನಿ, 'ಫೈನಲ್', 'ಫೈನಲ್ ಹೊಸದು', 'ನಿಜವಾದ ಫೈನಲ್'. ದೇವರೇ!

ಶನಿವಾರ ಬರ್ತೀನಿ. ಆ ಅತ್ತೆಯ ಕತೆ ನನಗೆ ಪೂರ್ತಿ ತೋರಿಸು.

ಇಂತಿ ನಿನ್ನ
ಗೆಳೆಯ