ಒಟ್ಟಲು ಹಾಕುವ ಮುಂಚೆ

ಚಿರಂಜೀವಿ ನಮ್ಮಣ್ಣನ ಮಗನಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂತು. ಮಕ್ಕಳ ಸ್ಕೂಲು, ಅಣ್ಣನ ಮಂಡಿನೋವು, ಹಸು ಕರು ಹಾಕಿದ್ದು ಎಲ್ಲ ಓದಿದೆ. ಅದನ್ನೆಲ್ಲ ಫೋನಿನಲ್ಲಿ ಮಾತಾಡೋಣ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಸಾಲು ಬರೆದಿದ್ದೀಯ ನೋಡು, ಅದು ನನ್ನನ್ನು ಬಿಡುತ್ತಿಲ್ಲ. ‘ಭತ್ತದ ಸಸಿಗೆ ಒಟ್ಟಲು ಹಾಕಿದ ಮೇಲೆ ನಾಲೆ ನಿಂತರೆ ಅಂತ ನೆನೆದು ನಡುರಾತ್ರಿ ಎಚ್ಚರ ಆಗುತ್ತೆ ಅತ್ತೆ. ಮನೇಲಿ ಯಾರಿಗೂ ಹೇಳಿಲ್ಲ.’

ನಾಲೆ ನಿಲ್ಲುತ್ತೆ ಅನ್ನೋ ಮಾತು ನಮ್ಮ ಕಡೆ ಹೊಸದಲ್ಲ. ಯಾರಿಗೂ ಹೇಳಿಲ್ಲ ಅಂದೆಯಲ್ಲ, ನನಗೆ ಕೊರೆಯುತ್ತಿರೋದು ಅದು.

ಭಯ ಪಡಬೇಡ ಅಂತ ಬರೆಯೋಕೆ ಕೂತೆ. ಬರೆಯೋಕೆ ಆಗಲಿಲ್ಲ. ನಿನ್ನ ಭಯ ಸುಳ್ಳಲ್ಲ. 2022ರಲ್ಲಿ ಮಳೆ ಜಾಸ್ತಿಯಾಗಿ ಮಂಡ್ಯದಲ್ಲಿ ಎಷ್ಟೋ ಗದ್ದೆ ಮುಳುಗಿದವು. ಮಾರನೇ ವರ್ಷ ಕನ್ನಂಬಾಡಿ ಕಟ್ಟೆ, ಅದೇ ಕೆಆರ್‌ಎಸ್, ತುಂಬಲೇ ಇಲ್ಲ. ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಸರ್ಕಾರವೇ ಹೇಳಿತು. 2024ರ ಜುಲೈನಲ್ಲಿ ಕಟ್ಟೆ ತುಂಬಿತು. 2025ರಲ್ಲಿ ಜೂನ್ ಮುಗಿಯೋಕೆ ಮುಂಚೆಯೇ 124.80 ಅಡಿ. ಕಟ್ಟೆ ಕಟ್ಟಿದ ಮೇಲೆ ಜೂನ್‌ನಲ್ಲಿ ತುಂಬಿದ್ದು ಅದೇ ಮೊದಲು. ಒಂದು ವರ್ಷದ ಹಾಗೆ ಇನ್ನೊಂದು ವರ್ಷ ಇಲ್ಲ. ‘ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ’ ಅಂತ ಆರಿದ್ರಾ ಮಳೆಯ ಗಾದೆ ಹೇಳಿಕೊಂಡು ಒಟ್ಟಲಿಗೆ ದಿನ ಗೊತ್ತು ಮಾಡುತ್ತಿದ್ದರಲ್ಲ ನಿನ್ನ ತಾತ, ಅವರಿದ್ದಿದ್ದರೂ ಈಗ ತಲೆ ಕೆರೆದುಕೊಳ್ಳುತ್ತಿದ್ದರು.

ಅದರ ಮೇಲೆ ನಮ್ಮದು ನಾಲೆಯ ಕೊನೆ ಭಾಗ. ಮೇಲಿನವರು ಕಟ್ಟಿಕೊಂಡು ಉಳಿದದ್ದು ನಮಗೆ. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸೋ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ನಮ್ಮ ತೂಬಿಗೆ ಬರೋ ಹೊತ್ತಿಗೆ ಕಟ್ಟು ಮುಗಿದಿರುತ್ತೆ. ನಾನು ಹುಡುಗಿಯಾಗಿದ್ದಾಗಲೂ ಹೀಗೇ ಇತ್ತು. ತಾತ ಲಾಟೀನು ಹಿಡಿದು ತೂಬಿನ ಹತ್ತಿರ ಕಾಯೋಕೆ ಹೋಗುತ್ತಿದ್ದರು. ಜಗಳ ಆಡಿಕೊಂಡೇ ಬರುತ್ತಿದ್ದರು. ಆದರೆ ಏನಾಯಿತು ಅಂತ ಅಡುಗೆ ಮನೆಗೆ ಬಂದು ಎಲ್ಲರ ಮುಂದೆ ಬೈದುಕೊಂಡು ಹೇಳುತ್ತಿದ್ದರು. ಆ ಬೈಗುಳ ಎಷ್ಟು ಒಳ್ಳೆಯದು ಅಂತ ನನಗೆ ಆಮೇಲೆ ಗೊತ್ತಾಯಿತು.

ನಾಲೆ ಇಲ್ಲದಿದ್ದರೆ ಊರೇ ಇಲ್ಲ ಅನ್ನೋ ಹಾಗೆ ನಿನ್ನ ಕಾಗದದಲ್ಲಿದೆ. ನಮ್ಮ ಅಜ್ಜ ಹುಟ್ಟಿದಾಗ ಅಲ್ಲಿ ನಾಲೆಯೇ ಇರಲಿಲ್ಲ ಮಗ. ಇರ್ವಿನ್ ನಾಲೆ ಅಂತ ಅದಕ್ಕೆ ಹೆಸರಿದ್ದದ್ದು, ವಿಶ್ವೇಶ್ವರಯ್ಯ ನಾಲೆ ಅಂತ ಆಮೇಲೆ ಕರೆದರು. ನೀರು ಹರಿದದ್ದು 1930ರ ದಶಕದಲ್ಲಿ. ಸಕ್ಕರೆ ಕಾರ್ಖಾನೆ ಬಂದದ್ದು 1933ರಲ್ಲಿ, ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೂ ಮುಂಚೆ ಅದೇ ನೆಲದಲ್ಲಿ ರಾಗಿ, ಹುರುಳಿ. ಕೆರೆ ಕೆಳಗೆ ಒಂದಿಷ್ಟು ಭತ್ತ. ಹೊಟ್ಟೆ ತುಂಬ ಉಂಡರು ಅಂತ ನಾನು ಹೇಳಲ್ಲ. ಕಷ್ಟ ಇತ್ತು, ನಾಲೆ ಬಂದಿದ್ದಕ್ಕೇ ಆ ಕಷ್ಟ ಹೋಯಿತು. ಆ ನೆಲಕ್ಕೆ ಭತ್ತ ಒಂದೇ ಗತಿ ಅಂತ ನೀನು ಅಂದುಕೊಳ್ಳಬೇಡ, ಅಷ್ಟೇ.

ಇನ್ನೊಂದು ಮಾತು. ಕಟ್ಟೆ ತುಂಬೋದು ಕೊಡಗಿನ ಮಳೆಗೆ, ಜೂನ್‌ನಿಂದ ಆಗಸ್ಟ್‌ವರೆಗೆ. ನಮ್ಮ ತಲೆ ಮೇಲೆ ಸುರಿಯೋ ಮಳೆ ಬೇರೆ. ನಮಗೆ ಅದು ಜೋರಾಗಿ ಬರೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಲ್ಲಿ ಮಳೆ ಕೈಕೊಟ್ಟ ವರ್ಷ ಇಲ್ಲೂ ಕೈಕೊಡಲೇಬೇಕು ಅಂತಿಲ್ಲ. ಎರಡೂ ಕೈಕೊಟ್ಟ ವರ್ಷಗಳಿವೆ, 2023 ಹಾಗೇ ಆಯಿತು. ಅದೇ ವರ್ಷವನ್ನು ಸಿರಿಧಾನ್ಯ ವರ್ಷ ಅಂತ ಲೋಕವೆಲ್ಲ ಆಚರಿಸಿದ್ದು ನೆನೆದರೆ ನಗು ಬರುತ್ತೆ.

ನನ್ನ ವಿಷಯ ಹೇಳ್ತೀನಿ. ಗದ್ದೆ ಮನೆಯಿಂದ ಮಳವಳ್ಳಿ ಸೀಮೆಯ ಈ ಹೊಲದ ಮನೆಗೆ ಮದುವೆಯಾಗಿ ಬಂದಾಗ ನನಗೆ ನಾಚಿಕೆ. ತವರಿಂದ ಯಾರಾದರೂ ಬಂದರೆ ಮುದ್ದೆ ಮುಚ್ಚಿಟ್ಟು ಅನ್ನ ಮಾಡುತ್ತಿದ್ದೆ. ನಮ್ಮತ್ತೆ ಏನೂ ಅನ್ನುತ್ತಿರಲಿಲ್ಲ. ಅವರು ರಾಗಿ ಹೊಲದಲ್ಲಿ ಅಕ್ಕಡಿ ಹಿಡಿಸುತ್ತಿದ್ದರು. ಇಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ನಡುವೆ ಹುಚ್ಚೆಳ್ಳು, ಅಂಚಿಗೆ ಹರಳು, ಅಲ್ಲಲ್ಲಿ ಸಾಸಿವೆ. ಮಳೆ ಬೇಗ ಹೋದರೆ ರಾಗಿ ಸೊರಗುತ್ತೆ, ಅವರೆ ಇಬ್ಬನಿಗೇ ಹೂ ಬಿಡುತ್ತೆ. ಒಂದು ಹೋದರೆ ಇನ್ನೊಂದು ಸಿಗಲಿ ಅಂತ. ಯಾವ ಬೀಜ ಎಷ್ಟು, ಯಾವ ಸಾಲಿಗೆ ಅನ್ನೋ ಲೆಕ್ಕ ಅವರ ತಲೆಯಲ್ಲಿತ್ತು. ನಾನು ಕೇಳಿ ಕಲಿಯಲಿಲ್ಲ. ಅವರು ಹೋದ ಮೇಲೆ ಮಡಕೆಯಲ್ಲಿ ಬೂದಿ ಬೆರೆಸಿಟ್ಟ ಅವರೆ ಬೀಜ ಹುಳ ಬಿದ್ದು ಹಾಳಾಯಿತು. ಎಂಥ ಅವರೆ ಅದು! ಸೊಗಡು ಮೂರನೇ ಮನೆಗೆ ಹೋಗುತ್ತಿತ್ತು. ಈಗ ಎಲ್ಲಿ ಹುಡುಕಿದರೂ ಅದು ಸಿಗಲ್ಲ.

ಎಲ್ಲಿಂದ ಎಲ್ಲಿಗೋ ಹೋದೆ.

ನಿನ್ನ ಚಿಕ್ಕಮಾವನ ವಿಷಯ ನಾನು ಬರೆಯಲ್ಲ, ನಿನಗೆ ಗೊತ್ತಿರೋದೇ. ಸಾಲಾಗಿ ಬರ ಬಿದ್ದ ಕಾಲ ಅದು, 2003. ಆತನೂ ಊಟಕ್ಕೆ ಕೂತಾಗ ನಗುತ್ತಿದ್ದ. ಬೋರ್ ಬತ್ತಿದ್ದು ಎಲ್ಲರಿಗೂ ಗೊತ್ತಿತ್ತು. ರಾತ್ರಿ ಎಚ್ಚರ ಆಗುತ್ತಿದ್ದದ್ದು ಯಾರಿಗೂ ಗೊತ್ತಿರಲಿಲ್ಲ. ನಿನ್ನ ಎರಡು ಸಾಲು ಓದಿದಾಗ ನನ್ನ ಕೈ ನಡುಗಿತು, ಯಾಕೆ ಅಂತ ನಿನಗೆ ಅರ್ಥ ಆಗುತ್ತೆ ಅಲ್ವಾ? ನೀನು ಹಾಗಲ್ಲ, ಗೊತ್ತು. ಆದರೂ.

ಬೇಸಾಯದ ಬುದ್ಧಿ ನಿನಗೆ ನಾನು ಹೇಳಬೇಕಾ? ನೀನು ಓದಿದವನು, ನಾನು ಹೊಲದ ಹೆಂಗಸು. ತೋಚಿದ್ದು ಬರೆದಿದ್ದೀನಿ, ಸರಿಯಿಲ್ಲ ಅನ್ನಿಸಿದರೆ ಬಿಡು. ಎಲ್ಲ ಒಟ್ಟಲನ್ನೂ ಒಂದೇ ದಿನ ಹಾಕಬೇಡ. ಅರ್ಧ ಈಗ ಹಾಕು, ಉಳಿದರ್ಧ ನಾಲೆಗೆ ನೀರು ಬಿಟ್ಟ ಸುದ್ದಿ ಗಟ್ಟಿಯಾದ ಮೇಲೆ. 21ರಿಂದ 25 ದಿನದ ಪೈರು ನಾಟಿಗೆ ಚೆನ್ನ. ಒಟ್ಟಲಲ್ಲೇ ಬಲಿತುಹೋದರೆ ಬುಡದಲ್ಲಿ ತೆಂಡೆ, ಅಂದರೆ ಮರಿ ಕವಲು, ಒಡೆಯಲ್ಲ, ನಿನ್ನ ಭಯವೂ ಅದೇ ತಾನೆ? ತಡ ಆಗೋ ಹಾಗಿದ್ದರೆ ಬೇಗ ಬರೋ ತಳಿ ಹಾಕು. ಕೆಸರು ಮಾಡದೆ ನೇರ ಬಿತ್ತೋ ಏರೋಬಿಕ್ ಭತ್ತವೂ ಇದೆ, ಎಂಎಎಸ್ 946-1 ಅಂತ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ತಂದದ್ದು. ಅದಕ್ಕೆ ಕಳೆ ಕಾಟ ಜಾಸ್ತಿ, ಕೂಲಿ ಲೆಕ್ಕ ಹಾಕಿಕೋ.

ಮೇಲಿನ ತಾಕು ಇದೆಯಲ್ಲ, ಹುಣಸೆ ಮರದ ಪಕ್ಕದ್ದು, ಅದಕ್ಕೆ ರಾಗಿ ಹಾಕು ಅಂತ ನನ್ನ ಆಸೆ. ಕೆಳಗಿನ ತಾಕಿಗೆ ಬೇಡ. ಸುತ್ತ ಭತ್ತ ಇದ್ದರೆ ನಡುವಿನ ರಾಗಿ ಜೌಗು ಹಿಡಿದು ಹಳದಿ ಆಗುತ್ತೆ. ಭತ್ತಕ್ಕೆ ಬೇಕಾದ ನೀರಲ್ಲಿ ಮೂರನೇ ಒಂದು ಪಾಲು ಸಾಕು ರಾಗಿಗೆ. ಆಗಸ್ಟ್‌ನಲ್ಲಿ ನಾಟಿ ಮಾಡಿದರೂ ಬರುತ್ತೆ. ಬೀಜಕ್ಕೆ ದೂರ ಹೋಗಬೇಡ. ರಾಗಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿ ಇಂಡಾಫ್ ತಳಿ ತೆಗೆದದ್ದು ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ, ವಿ.ಸಿ. ಫಾರ್ಮ್‌ನಲ್ಲೇ. ಈಗ ಅಲ್ಲಿನ ಕೆಎಂಆರ್ ತಳಿಗಳಿವೆ. 2025-26ಕ್ಕೆ ರಾಗಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ ಇತ್ತು, ಸಾಮಾನ್ಯ ಭತ್ತಕ್ಕೆ 2,369. ಖರೀದಿ ಕೇಂದ್ರದ ಸಾಲು, ದುಡ್ಡು ಬರೋ ತಡ ಎಲ್ಲ ಇದ್ದದ್ದೇ. ಇಳುವರಿಯೂ ಭತ್ತದಷ್ಟು ಬರಲ್ಲ. ಲಾಭ ಅಂತ ಹೇಳುತ್ತಿಲ್ಲ. ಒಂದು ತಾಕಾದರೂ ನಾಲೆ ಕಡೆ ನೋಡದೆ ನಿಂತಿದ್ದರೆ ನಿನಗೆ ರಾತ್ರಿ ಸ್ವಲ್ಪ ನಿದ್ದೆ ಬಂದೀತು ಅಂತ.

ನೀರು ಸಾಲದೆ ಹೋದರೆ ಎಲ್ಲ ಗದ್ದೆಗೂ ಸ್ವಲ್ಪ ಸ್ವಲ್ಪ ಹಂಚೋಕೆ ಹೋಗಬೇಡ. ಭತ್ತ ಹೊಡೆ ಕಟ್ಟಿ ತೆನೆ ಬಿಚ್ಚೋವಾಗ ಮಾತ್ರ ಒಣಗಿಸಬಾರದು, ಮಿಕ್ಕ ದಿನ ಗದ್ದೆಯಲ್ಲಿ ನೀರು ನಿಂತೇ ಇರಬೇಕಿಲ್ಲ. ಕಬ್ಬಿನ ತರಗು ಸುಡಬೇಡ, ಸಾಲಿನಲ್ಲೇ ಹಾಸು, ತೇವ ಉಳಿಯುತ್ತೆ. ಸುಡುವ ಪಕ್ಕದವರನ್ನು ನೋಡಿ ನಿನಗೂ ಕೈ ತುರಿಸುತ್ತೆ, ನಾನು ಕಂಡಿದ್ದೀನಿ. ಬೆಳೆ ವಿಮೆಗೆ ಮುಂಗಾರು ಭತ್ತ ರಾಗಿಗೆ ವಿಮೆ ಮೊತ್ತದಲ್ಲಿ ನೂರಕ್ಕೆ 2 ರೂಪಾಯಿ ಕಟ್ಟಿದರೆ ಆಯಿತು. ಕೊನೇ ದಿನದವರೆಗೆ ಕಾಯಬೇಡ, ಸುಮ್ನೆ ಸರ್ವರ್ ಇಲ್ಲ ಅಂತಾರೆ. ಸಾಲ ಮಾಡಿ ಇನ್ನೊಂದು ಬೋರ್ ಅಂತ ಮನಸ್ಸಿನಲ್ಲಿದ್ದರೆ ನನ್ನ ಹತ್ತಿರ ಬಂದು ಮಾತಾಡಿ ಆಮೇಲೆ ಕೊರೆಸು.

ನಮ್ಮ ಮಳವಳ್ಳಿಯ ಕಾಮೇಗೌಡರು, ಕುರಿ ಕಾಯೋರು, ಕುಂದೂರು ಬೆಟ್ಟದಲ್ಲಿ ಕಟ್ಟೆ ಕಟ್ಟಿಸಿದವರು. 2022ರಲ್ಲಿ ತೀರಿಹೋದರು. ಕುರಿ ಮಾರಿ ಕಟ್ಟೆ ತೋಡಿಸುತ್ತಾರೆ ಅಂತ ಜನ ಹುಚ್ಚ ಅಂದರು. ನಿನ್ನ ಹೊಲದ ಮೂಲೆಯಲ್ಲಿ ತಾತ ತೋಡಿಸಿದ ಹೊಂಡ ಇತ್ತು, ಈಗ ಮುಚ್ಚಿಹೋಗಿದೆ ಅಂತ ಕೇಳಿದೆ. ಹೂಳು ತೆಗೆಸೋಕೆ ಆಗುತ್ತಾ ನೋಡು. ಇದೂ ಖರ್ಚಿನ ಮಾತೇ, ಗೊತ್ತು.

ಇಷ್ಟೆಲ್ಲ ಬರೆದರೂ ನನ್ನ ತಲೆಯಲ್ಲಿ ಓಡುತ್ತಿರೋದು ಅದೇ. ನಿನ್ನ ಹೆಂಡತಿಗೆ ಹೇಳು. ಅವಳು ಹೆದರುತ್ತಾಳೆ ಅಂತ ಮುಚ್ಚಿಡುತ್ತಿದ್ದೀಯ. ರಾತ್ರಿ ನೀನು ಎದ್ದು ಹೊರಗೆ ಕೂರೋದು ಅವಳಿಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ? ಗೊತ್ತಿರುತ್ತೆ. ಅವಳ ತವರು ಕೂಡ ಬಯಲು ಹೊಲದ ಕಡೆಯದು, ಯಾವ ತಾಕಿಗೆ ಏನು ಹಾಕೋದು ಅಂತ ನಿನಗಿಂತ ಚೆನ್ನಾಗಿ ಹೇಳಿದರೂ ಹೇಳಬಹುದು. ಅಣ್ಣನಿಗೂ ಹೇಳು. ಬೈತಾನೆ, ಬೈಲಿ.

ಹೇಳಿದ ಮೇಲೆ ನನಗೊಂದು ಫೋನ್ ಮಾಡು. ಕಾಗದ ಬೇಡ, ತಡ ಆಗುತ್ತೆ. ಸಂಜೆ ಏಳರ ಮೇಲೆ ಮಾಡು, ಅದಕ್ಕೆ ಮುಂಚೆ ನಾನು ಕೊಟ್ಟಿಗೆಯಲ್ಲಿರ್ತೀನಿ, ಫೋನ್ ಕೇಳಿಸಲ್ಲ.

ಇಂತಿ ನಿನ್ನ ಅತ್ತೆ