ಪಂಪ್ ನೆಟ್ಟರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಹೆದ್ದಾರಿಯ ಪ್ರತಿ ಬಂಕ್‌ನಲ್ಲೂ ಜೈವಿಕ ಇಂಧನ ಸಿಗುವುದನ್ನು ಸರ್ಕಾರಗಳು ಕಡ್ಡಾಯ ಮಾಡಬೇಕೆಂಬ ಮಾತು ಪದೇ ಪದೇ ಕೇಳಿಬರುತ್ತಿದೆ. ಹತ್ತೊಂಬತ್ತು ವರ್ಷ ಹೆದ್ದಾರಿ ಬದಿಯ ಬಂಕ್‌ನಲ್ಲಿ ಮೇಲ್ವಿಚಾರಕನಾಗಿದ್ದ ನನಗೆ ಇದರಲ್ಲಿ ತಕರಾರಿಲ್ಲ. ಆದರೆ ಹೀಗೆ ಹೇಳುವವರಲ್ಲಿ ಹೆಚ್ಚಿನವರು ಪಂಪ್ ನೋಡಿದ್ದಾರೆಯೇ ಹೊರತು ನೆಲದಡಿಯ ಟ್ಯಾಂಕ್ ನೋಡಿದಂತಿಲ್ಲ.

ನನ್ನ ಬೆಳಗು ಶುರುವಾಗುತ್ತಿದ್ದುದೇ ಡಿಪ್ ರಾಡ್‌ನಿಂದ, ಅಂದರೆ ಟ್ಯಾಂಕಿನ ಮಟ್ಟ ಅಳೆಯುವ ಉದ್ದನೆಯ ಕೋಲಿನಿಂದ. ಅದರ ತುದಿಗೆ ನೀರು ಪತ್ತೆ ಹಚ್ಚುವ ಪೇಸ್ಟ್ ಸವರಿ, ಟ್ಯಾಂಕಿಗೆ ಇಳಿಸಿ, ಬಣ್ಣ ತಿರುಗಿದೆಯೇ ಎಂದು ನೋಡುತ್ತಿದ್ದೆ. ಬರಿಯ ಪೆಟ್ರೋಲ್ ಇದ್ದಾಗ ಒಳಹೊಕ್ಕ ನೀರು ತಳದಲ್ಲಿ ಬೇರೆಯಾಗಿ ನಿಲ್ಲುತ್ತಿತ್ತು, ಪೇಸ್ಟ್ ಕೂಡಲೇ ಹೇಳಿಬಿಡುತ್ತಿತ್ತು. ಪೆಟ್ರೋಲಿಗೆ ಬೆರೆಸುವ ಜೈವಿಕ ಇಂಧನವಾದ ಎಥೆನಾಲ್ ಹಾಗಲ್ಲ. ನೀರನ್ನು ತನ್ನೊಳಗೆ ಎಳೆದುಕೊಂಡು ಸುಮ್ಮನಿರುತ್ತದೆ; ಮಿತಿ ಮೀರಿದ ದಿನ ನೀರಿನ ಜತೆ ತಾನೂ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತದೆ. ಪಂಪ್ ಹೀರುವುದು ತಳದ ಸಮೀಪದಿಂದಲೇ. ಒಂದು ಮಳೆಗಾಲದಲ್ಲಿ ಹೀಗೇ ಆಗಿ, ಇಂಧನ ತುಂಬಿಸಿಕೊಂಡ ಮೂರು ಬೈಕ್‌ಗಳು ನನ್ನ ಕಣ್ಣೆದುರೇ ನಿಂತುಹೋದವು. ಬೈಗುಳವೆಲ್ಲ ನನ್ನ ಪಾಲಿಗೆ ಬಂತು. ಅಂಥ ಮಿಶ್ರಣದಲ್ಲಿ ಹಳೆಯ ಪೇಸ್ಟ್ ನೆಚ್ಚಿಕೊಳ್ಳುವಂತಿಲ್ಲ, ಅದಕ್ಕೆ ಬೇರೆಯದೇ ಇದೆ ಎಂದು ತಿಳಿದದ್ದು ಆಮೇಲೆ.

ಇಂಥ ಇಂಧನ ಹೆಚ್ಚು ದಿನ ನಿಂತಷ್ಟೂ ನೀರು ಸೇರುವ ಸಾಧ್ಯತೆ ಹೆಚ್ಚು. ಹಾಗಾಗಿ ಮಾರಾಟವಾಗದೆ ನಿಂತ ಟ್ಯಾಂಕ್ ಎಂದರೆ ನನಗೆ ಅಂಜಿಕೆ. ಹೆಚ್ಚು ವಹಿವಾಟಿನ ಬಂಕ್‌ಗಳು ಒಂದಾದರೂ ನವೀಕರಿಸಬಹುದಾದ ಇಂಧನ ಇಡಲೇಬೇಕೆಂದು ಸ್ವೀಡನ್ 2006ರಲ್ಲಿ ಕಾನೂನು ಜಾರಿಗೆ ತಂದಿತು. ಯಾವುದನ್ನು ಇಡಬೇಕೆಂಬುದು ಮಾಲೀಕರಿಗೆ ಬಿಟ್ಟದ್ದು. ಜೈವಿಕ ಅನಿಲದ ಪಂಪ್‌ಗೆ ತಗಲುವ ಖರ್ಚು ದೊಡ್ಡದು. ಹೆಚ್ಚಿನವರು ಅಗ್ಗದ ದಾರಿ ಹಿಡಿದು ಇ85 (ಶೇ 85ರವರೆಗೆ ಎಥೆನಾಲ್ ಇರುವ ಮಿಶ್ರಣ) ಪಂಪ್ ನೆಟ್ಟರು. (ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.) ಕೆಲವು ವರ್ಷಗಳಲ್ಲೇ ಇ85 ಮಾರಾಟ ಕುಸಿಯಿತು; ಪಂಪ್ ಇತ್ತು, ಕೊಳ್ಳುವವರು ಕಡಿಮೆಯಾದರು.

ಬ್ರೆಜಿಲ್‌ನಲ್ಲಿ ಆದದ್ದು ತಿರುಗುಮುರುಗು. 1975ರಿಂದ ಎಥೆನಾಲ್ ಬೆನ್ನು ಹತ್ತಿದ ಆ ದೇಶದಲ್ಲಿ 1989ರ ಹೊತ್ತಿಗೆ ಬರಿಯ ಎಥೆನಾಲಿನಲ್ಲೇ ಓಡುವ ಕಾರುಗಳಿದ್ದವು, ಪಂಪ್‌ಗಳೂ ಇದ್ದವು. ಎಥೆನಾಲೇ ಸಾಲದೆ ಜನ ಸಾಲುಗಟ್ಟಿ ನಿಂತರು. ಮತ್ತೆ ನಂಬಿಕೆ ಕುದುರಿದ್ದು 2003ರಲ್ಲಿ, ಎರಡೂ ಇಂಧನಕ್ಕೆ ಒಗ್ಗುವ ಫ್ಲೆಕ್ಸ್ ಕಾರು ಬಂದ ಮೇಲೆ. ಈಗ ಅಲ್ಲಿಯ ಚಾಲಕರು ಎಥೆನಾಲ್ ದರ ಪೆಟ್ರೋಲ್ ದರದ ಶೇ 70ಕ್ಕಿಂತ ಕೆಳಗಿದೆಯೇ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ನಾಝಲ್ ಆರಿಸುತ್ತಾರೆ. ಏಕೆಂದರೆ ಒಂದು ಲೀಟರ್ ಎಥೆನಾಲಿನಲ್ಲಿರುವುದು ಅಷ್ಟೇ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು ಶಕ್ತಿ ಮಾತ್ರ.

ಕಡ್ಡಾಯ ಮಾಡುವವರು ಈ ಲೆಕ್ಕವನ್ನು ಪಂಪ್ ಮೇಲೆ ದಪ್ಪ ಅಕ್ಷರದಲ್ಲಿ ಬರೆಸುವುದನ್ನೂ ಕಡ್ಡಾಯ ಮಾಡಲಿ. ಮೈಲೇಜ್ ಏಕೆ ಇಳಿಯಿತೆಂದು ಜಗಳಕ್ಕೆ ಬಂದವರಿಗೆ ಇಂಧನ ತುಂಬುವ ಹುಡುಗ ಏನು ಉತ್ತರ ಕೊಟ್ಟಾನು? ಹಳೆಯ ವಾಹನದವರಿಗೆ ಎಥೆನಾಲ್ ಪ್ರಮಾಣ ಕಡಿಮೆಯಿರುವ ನಾಝಲ್ ಪಕ್ಕದಲ್ಲೇ ಉಳಿಯಲಿ. ತಪಾಸಣೆಗೆ ಬಂದ ಅಧಿಕಾರಿ ಪಂಪ್ ಎಣಿಸಿ ಸಹಿ ಹಾಕಿ ಹೋಗದೆ, ಟ್ಯಾಂಕಿನ ಮುಚ್ಚಳ ತೆಗೆಸಿ ತಾನೇ ರಾಡ್ ಇಳಿಸಲಿ. ಸವರುವ ಪೇಸ್ಟ್ ಮಾತ್ರ ಹೊಸ ಬಗೆಯದಾಗಿರಲಿ.

– ನಿವೃತ್ತ ಬಂಕ್ ಮೇಲ್ವಿಚಾರಕ